ಕೆಮ್ಮಿದವರಿಗೆ ಸಂಬಳವಿಲ್ಲ

ರಜೆ ಬರೆದುಕೊಳ್ಳುವ ನನ್ನಂಥ ಗುಮಾಸ್ತ ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಅರ್ಜಿ ಹಿಡಿದುಕೊಂಡು ಬರುತ್ತದೆ. ಹಂದಿಜ್ವರ ಬಂದ 2009ರಲ್ಲಿ, ಜೆ.ಪಿ. ನಗರದ ನಮ್ಮ ಗಾರ್ಮೆಂಟ್ಸ್‌ಗೆ ಆ ನಗು ಭಯವನ್ನೂ ಜೊತೆಗೆ ಕರೆದುಕೊಂಡು ಬಂತು.

ಕರೆಂಟು

ಮ್ಯಾನೇಜರ್ ನೋಟಿಸ್ ಅಂಟಿಸಿದರು: ಕೆಮ್ಮಿದವರು ಏಳು ದಿನ ಮನೆಯಲ್ಲಿರಬೇಕು, ಸಂಬಳವಿಲ್ಲ. ಅವತ್ತಿನಿಂದ ಹೊಲಿಗೆ ಹಾಲ್‌ನಲ್ಲಿ ಯಾರೂ ಕೆಮ್ಮಲಿಲ್ಲ. ಅಂದರೆ, ಮಿಷನ್ ಸದ್ದಿನಲ್ಲಿ ಮಾತ್ರ ಕೆಮ್ಮಿಕೊಂಡರು. ಕರೆಂಟು ಹೋದರೆ ಮುಗಿಯಿತು. ಜನರೇಟರ್ ಶುರುವಾಗುವವರೆಗೆ ಇನ್ನೂರು ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಸೂಪರ್‌ವೈಸರ್ ಕಿವಿಗೊಟ್ಟುಕೊಂಡು ಸಾಲುಸಾಲು ಸುತ್ತುತ್ತಿದ್ದ.

ಒಂದು ದಿನ ಆ ಮೌನದಲ್ಲಿ ಜೋರಾಗಿ ಕೆಮ್ಮು ಕೇಳಿತು. ತಿರುಗಿ ನೋಡಿದರೆ ಸೂಪರ್‌ವೈಸರೇ.

"ಧೂಳು," ಅಂದ.

"ನಮಗೂ ಅದೇ ಧೂಳೇ ಸಾರ್," ಅಂತ ಹಿಂದಿನಿಂದ ಒಬ್ಬರು ಹೇಳಿದರು. ಅವರೂ ಸೇರಿ ಆ ವಾರ ಹನ್ನೊಂದು ಜನ ಮನೆಗೆ ಹೋದರು. ಸೂಪರ್‌ವೈಸರ್ ಹೋಗಲಿಲ್ಲ.

ಗೇಟು

"ರಜೆ ಬಾಕಿ ಇರೋರಿಗೆ ಸಂಬಳ ಕೊಡ್ಲೇಬೇಕಲ್ಲ ಸಾರ್, ಕಾನೂನು," ಅಂತ ನಾನು ಮೆಲ್ಲಗೆ ಅಂದೆ.

"ಕೊಡೋಣ. ಅರ್ಜಿಗೆ ನನ್ನೆದುರೇ ಬಂದು ಸಹಿ ಹಾಕ್ಬೇಕು, ಅಷ್ಟೆ," ಅಂದರು ಮ್ಯಾನೇಜರ್. ದೇವರು ಕೊಟ್ಟರೂ ಪೂಜಾರಿ ಕೊಡ.

ಮಾರನೆಯ ದಿನ ಮನೆಗೆ ಹೋದವರಲ್ಲಿ ಒಬ್ಬರು ಸಹಿ ಹಾಕಲು ಬಂದರು. ಸೆಕ್ಯೂರಿಟಿ ಗೇಟಿನಲ್ಲೇ ತಡೆದ.

"ಜ್ವರ ಇರೋರನ್ನ ಬಿಡೋ ಹಾಗಿಲ್ಲ. ವಾಸಿಯಾದ್ಮೇಲೆ ಬನ್ನಿ."

"ವಾಸಿಯಾದ್ಮೇಲೆ ರಜಾ ಯಾಕಣ್ಣ?"

ಸೆಕ್ಯೂರಿಟಿ, ಹಾಜರಿ ಬರೆಯಲು ಗೇಟಿನಲ್ಲಿ ನಿಂತಿದ್ದ ನನ್ನ ಕಡೆ ನೋಡಿದ. ನಾನು ರಿಜಿಸ್ಟರ್ ಕಡೆ ನೋಡಿದೆ. ನಮ್ಮ ಹೊಲಿಗೆಯವರಿರುವ ಸಿದ್ದಾಪುರದ ಬಾಡಿಗೆ ಮನೆಗಳಲ್ಲಿ ಏಳು ದಿನದ ಸಂಬಳ ಅಂದರೆ ಒಲೆ ಹೊತ್ತುವುದೋ ಇಲ್ಲವೋ ಎನ್ನುವ ಪ್ರಶ್ನೆ. ನನಗೆ ನಾಚಿಕೆಯಾಯಿತು.

ಗಾಜಿನ ಬಾಗಿಲು

ಹನ್ನೊಂದು ಜನರಲ್ಲಿ ಕಾಲರ್ ಹೊಲಿಯುವ ಒಬ್ಬ ಅಕ್ಕ ಇದ್ದರು, ಹುಬ್ಬಳ್ಳಿ ಕಡೆಯವರು. ಮೂರನೆಯ ದಿನ ಲಾರಿಗೆ ಮಾಲು ತುಂಬುವ ಹಿಂಬಾಗಿಲಿನಿಂದ ಒಳಗೆ ಬಂದರು, ಮೂಗು ಬಾಯಿಗೆ ನಮ್ಮದೇ ಶರ್ಟಿನ ಬಟ್ಟೆ ಕಟ್ಟಿಕೊಂಡು. ಮ್ಯಾನೇಜರ್ ಕೋಣೆಯ ಹೊರಗೇ ನನ್ನ ಮೇಜು, ತಡೆಯುವುದು ನನ್ನ ಕೆಲಸ. ನಾನು ಪೆನ್ಸಿಲ್ ಕೆತ್ತುತ್ತಾ ಕೂತೆ.

ಅಕ್ಕ ಕೋಣೆಯ ಗಾಜಿನ ಬಾಗಿಲು ತೆಗೆದರು. ಮ್ಯಾನೇಜರ್ ಕುರ್ಚಿ ಸಮೇತ ಗೋಡೆಗೆ ಸರಿದರು.

"ಸಹಿ ಹಾಕಾಕ ಬಂದೀನ್ರಿ. ಪೆನ್ನು ಕೊಡ್ರಿ."

"ಅಲ್ಲೇ ನಿಲ್ಲಿ. ಸಹಿ ಬೇಡ, ರಜಾ ಸ್ಯಾಂಕ್ಷನ್."

ಅಕ್ಕ ಒಂದು ಹೆಜ್ಜೆ ಮುಂದಿಟ್ಟರು. "ಪಗಾರ ಸಮೇತ ಏನ್ರಿ?"

"ಸಮೇತ."

ಇನ್ನೊಂದು ಹೆಜ್ಜೆ. "ಏಳೂ ದಿನದ್ದು?"

"ಏಳೂ ದಿನದ್ದು. ಹೋಗಮ್ಮ."

ಅಕ್ಕ ಮೇಜಿನ ಅಂಚಿಗೇ ಬಂದು, ಗಂಟಲು ಸರಿಮಾಡಿಕೊಂಡರು. "ಉಳಿದ ಹತ್ತು ಮಂದಿಗೆ?"

ಮ್ಯಾನೇಜರ್ ಕರ್ಚೀಫಿನೊಳಗಿಂದ "ಎಲ್ಲರಿಗೂ" ಅಂದರು. ಅಕ್ಕ ಬರೆದುಕೊಡಿ ಅಂದಾಗ ಬರೆದೂ ಕೊಟ್ಟರು.

ಹಿಂಬಾಗಿಲವರೆಗೆ ನಾನೂ ಹೋದೆ, ಮಾರು ದೂರ ಬಿಟ್ಟುಕೊಂಡು. "ಜ್ವರದಲ್ಲಿ ಇಷ್ಟು ದೂರ ಯಾಕ್ ಬಂದ್ರಿ ಅಕ್ಕ?"

"ನನ್ನ ಜ್ವರ ಮೊನ್ನೇನ ಬಿಟ್ಟಾವ್ರಿ ಅಣ್ಣಾರ," ಅಂದರು ಅಕ್ಕ. "ಉಳಿದವ್ರಿಗೆ ಎದ್ದು ನಿಲ್ಲಾಕ ಆಗವಲ್ದು. ಅದಕ್ಕ ನಾನ ಬಂದೆ."