ಒಂಟಿಕಾಲಿನ ಕೊಡೆಭೂತ

ಗೀಚುರಾಯನ ಕೈಗೆ ಪೆನ್ಸಿಲ್ಲೂ ಖಾಲಿ ಕಾಗದವೂ ಒಟ್ಟಿಗೆ ಸಿಗಬಾರದಿತ್ತು. ಆ ದಿನ ಸಿಕ್ಕಿದವು, ಅದೂ ಬಿಟ್ಟಿಯಾಗಿ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಕೊಡೆ ಕಾರ್ಖಾನೆಯಲ್ಲಿ ಅದು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಉಗ್ರಾಣದಲ್ಲಿ ಕೂತು ಕೊಡೆಗಳಿಗೆ ಚೀಟಿ ಅಂಟಿಸುವುದು ಅವನ ಕೆಲಸ. ಚೀಟಿಯ ಹಿಂದೆ ಸಿಕ್ಕಸಿಕ್ಕವರ ಮುಖ ಗೀಚುವುದು ಅವನ ಚಟ. ವಿನ್ಯಾಸ ವಿಭಾಗದಲ್ಲಿ ಕಿಟಕಿ ಪಕ್ಕದ ಮೇಜು ಖಾಲಿಯಾದಾಗಿನಿಂದ ಅವನಿಗೆ ಅದರದ್ದೇ ಜಪ.

ಅಂದು ಬೆಳಿಗ್ಗೆ ಮ್ಯಾನೇಜರು ಇಡೀ ಆಫೀಸನ್ನು ಒಂದು ಪ್ರದರ್ಶನಕ್ಕೆ ಹೊರಡಿಸಿದರು. ಜಪಾನಿನ ಜನಪದ ಕತೆಗಳ ಭೂತಗಳು ಅಲ್ಲಿ ಗೋಡೆ, ನೆಲ, ಚಾವಣಿಯ ಮೇಲೆಲ್ಲ ಬೆಳಕಾಗಿ ಓಡಾಡುತ್ತವಂತೆ.

"ಅದ್ರಲ್ಲಿ ಒಂದು ಕೊಡೆಭೂತ ಇದೆ ಕಣ್ರೀ! ಒಂದೇ ಕಣ್ಣು, ಒಂದೇ ಕಾಲು, ಮಾರುದ್ದ ನಾಲಿಗೆ. ಅವರ ಹಳೇ ಕೊಡೆಗೂ ಜೀವ ಇದೆ, ನಮ್ಮ ಹೊಸ ಕೊಡೆಗೂ ಇಲ್ಲ. ಎಲ್ಲ ಕಣ್ಣು ಬಿಟ್ಟು ನೋಡಿ. ಯಾರಿಗೆ ಒಳ್ಳೇ ಐಡಿಯಾ ಹೊಳೆಯುತ್ತೋ ಆ ಕಿಟಕಿ ಪಕ್ಕದ ಮೇಜು ಅವರಿಗೆ," ಎಂದರು.

ಮೊದಲ ಕೋಣೆಯಲ್ಲಿ ಒಬ್ಬ ಹೆಂಗಸಿನ ಕತ್ತು ತೋಟದ ನೀರಿನ ಪೈಪಿನಂತೆ ಬೆಳೆಯುತ್ತ ನಾಲ್ಕೂ ಗೋಡೆ ಸುತ್ತಿ ಬಂತು. "ಇವಳಿಗೆ ಸರ ಮಾಡಿಸೋ ಗಂಡನ ಗತಿ ಏನಪ್ಪಾ!" ಎಂದು ಕ್ಯಾಷಿಯರ್ ಬೆವರು ಒರೆಸಿಕೊಂಡ. ಪಕ್ಕದಲ್ಲಿ ತಲೆಯ ಮೇಲೆ ನೀರಿನ ಬಟ್ಟಲು ಹೊತ್ತ ಹಸಿರು ಜಲಭೂತ. ನಾವು ಬಗ್ಗಿದರೆ ಅದೂ ಬಗ್ಗುತ್ತದೆ, ತಲೆಯ ನೀರೆಲ್ಲ ಚೆಲ್ಲುತ್ತದೆ. ತಮಗೆ ಯಾರೇ ತಲೆಬಾಗಿದರೂ ಖುಷಿಪಡುವ ಮ್ಯಾನೇಜರು ಅಲ್ಲೇ ನಿಂತುಬಿಟ್ಟರು.

ಮುಂದಿನ ಕೋಣೆಯಲ್ಲಿ ಮೇಜು, ಕಾಗದ, ಬಣ್ಣದ ಪೆನ್ಸಿಲ್ಲು. ನಿಮ್ಮದೇ ಭೂತ ಬರೆದು ಯಂತ್ರದ ಕೆಳಗಿಟ್ಟರೆ ಅದು ಜೀವ ತಳೆದು ಗೋಡೆ ಹತ್ತುತ್ತದೆ ಎಂದಳು ಅಲ್ಲಿದ್ದ ಹುಡುಗಿ. ಗೀಚುರಾಯನ ಬೆರಳು ತುರಿಸಿದವು. ಕೊಡೆಯೊಂದನ್ನು ಬರೆದ. ಒಂದು ಕಾಲು ಹಚ್ಚಿದ. ಹೊಟ್ಟೆಯ ಮೇಲೆ ಒಂದು ಕಣ್ಣು, ಅದರ ಕೆಳಗೆ ಬದನೆಕಾಯಿ ಮೂಗು, ಹಲ್ಲುಜ್ಜುವ ಬ್ರಷ್ಷಿನಂಥ ಮೀಸೆ, ಮಾರುದ್ದ ನಾಲಿಗೆ, ಎರಡು ಮಡಿಕೆಯ ಗದ್ದ. ಬರೆದು ಮುಗಿಸಿ ನೋಡಿದರೆ ಸಾಕ್ಷಾತ್ ಮ್ಯಾನೇಜರು ನಾಲಿಗೆ ಚಾಚಿದ್ದಾರೆ!

ಟೈಪಿಸ್ಟಮ್ಮ ಇಣುಕಿದರು. "ಅಯ್ಯೋ, ಪ್ರಾಣ ಇದ್ದಂಗಿದೆ!"

"ಶ್, ಸುಮ್ನಿರಿ, ಜೇಬಿಗೆ ಹಾಕ್ಕೋತೀನಿ..."

"ಜೇಬಿಗಾ? ಇಂಥಾ ಕಲೇನಾ?" ಅವನು ಕೈ ಚಾಚುವಷ್ಟರಲ್ಲಿ ಆಕೆ ಕಾಗದ ಕಿತ್ತುಕೊಂಡು ಯಂತ್ರದ ಕೆಳಗಿಟ್ಟಾಗಿತ್ತು.

ಗೋಡೆಯ ಮೇಲೆ ಆಳೆತ್ತರದ ಮ್ಯಾನೇಜರು ಟಪ್ ಟಪ್ ಎಂದು ಕುಪ್ಪಳಿಸಿದರು.

ಗೀಚುರಾಯ ಯಂತ್ರದ ಕಡೆ ಧಾವಿಸಿದ. "ತೆಗೀರಮ್ಮಾ ಅದನ್ನ!"

"ಒಂದ್ಸಲ ಗೋಡೆ ಹತ್ತಿದ್ರೆ ಬಾಗಿಲು ಹಾಕೋವರೆಗೂ ಇಳಿಯಲ್ಲ ಸಾರ್," ಎಂದಳು ಹುಡುಗಿ. "ದಯವಿಟ್ಟು ಯಾರೂ ಮುಟ್ಟಬೇಡಿ, ಮುಟ್ಟಿದ್ರೆ..."

ಅಷ್ಟರಲ್ಲಿ ಕ್ಯಾಷಿಯರ್ ಉಪಕಾರ ಮಾಡಲು ಅಂಗೈಯಿಂದ ಗೋಡೆ ಉಜ್ಜಿಯಾಗಿತ್ತು. ಒಬ್ಬ ಮ್ಯಾನೇಜರು ಇಬ್ಬರಾದರು. ಗಾಬರಿಯಿಂದ ಮತ್ತೆ ಉಜ್ಜಿದ, ನಾಲ್ವರಾದರು.

"ಚಪ್ಪಾಳೆ ಹೊಡೆದು ನೋಡ್ರೀ, ಹೆದರಿ ಓಡ್ಬಹುದು," ಎಂದ ಮತ್ತೊಬ್ಬ. ಹೊಡೆದರು. ಅಷ್ಟೂ ಮ್ಯಾನೇಜರುಗಳು ಒಟ್ಟಿಗೆ ನಾಲಿಗೆ ಹೊರಹಾಕಿ "ಬ್ಲೇ" ಎಂದರು. ಬೇರೆ ನೋಡುಗರಿಗೆ ಹಬ್ಬವೋ ಹಬ್ಬ. ಅವರೂ ಚಪ್ಪಾಳೆ ಶುರುವಿಟ್ಟುಕೊಂಡರು. ಗೀಚುರಾಯ ಕೈಗಳನ್ನು ಅಗಲಿಸಿ ಗೋಡೆಗೆ ಅಡ್ಡ ನಿಂತ. ಒಬ್ಬ ಮ್ಯಾನೇಜರು ಅವನ ಬಿಳಿ ಅಂಗಿಯ ಮೇಲೆ ಹತ್ತಿ ಎದೆಯ ನಡುವೆ ಕುಣಿಯತೊಡಗಿದರು.

ಆಗಲೇ ನಿಜವಾದ ಮ್ಯಾನೇಜರು, ಜಲಭೂತಕ್ಕೆ ಬಗ್ಗಿ ಬಗ್ಗಿ ನೊಂದ ಸೊಂಟ ಹಿಡಿದುಕೊಂಡು ಒಳಗೆ ಬಂದರು.

ಟೈಪಿಸ್ಟಮ್ಮ ಚಾವಣಿ ನೋಡಿದರು. ಕ್ಯಾಷಿಯರ್ ಶೂಗಳ ದಾರ ಕಟ್ಟಲು ಕೂತ. ಅವನು ಹಾಕಿದ್ದು ಚಪ್ಪಲಿ.

ಮ್ಯಾನೇಜರು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಗೀಚುರಾಯನ ಎದೆಯನ್ನೂ ನೋಡಿದರು. "ಯಾರು ಬರೆದಿದ್ದು ಇದನ್ನ?"

ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ಥೂ, ಎಂಥಾ ದರಿದ್ರ ಮುಖ!" ಎಂದು ಅವರು ಹೊಟ್ಟೆ ಹಿಡಿದು ನಗತೊಡಗಿದರು. "ಆ ಮೂಗು ನೋಡ್ರೀ! ಆ ಮೀಸೆ! ಇದಪ್ಪಾ ಕೊಡೆ ಅಂದ್ರೆ! ಮಕ್ಕಳು ಕಂಡ್ರೆ ಬಿಡ್ತಾವೇನ್ರೀ? ಬರೆದೋನು ಯಾರು ಹೇಳಿ, ಆ ಮೇಜು ಅವನದ್ದೇ!"

ಗೀಚುರಾಯನಿಗೆ ಹೋದ ಜೀವ ಬಂತು. ಅವರಿಗೆ ತಮ್ಮ ಗುರುತೇ ಸಿಕ್ಕಿಲ್ಲ! ಕಿಟಕಿ, ಮೇಜು, ಮೇಜಿನ ಮೇಲೆ ಬೀಳುವ ಬೆಳಗಿನ ಬಿಸಿಲು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಎದೆಯುಬ್ಬಿಸಿ ಮುಂದೆ ಬಂದ. "ನಾನೇ ಸಾರ್!"

ಮ್ಯಾನೇಜರು ಅವನನ್ನು ತಬ್ಬಿಕೊಂಡರು. ಫೋಟೋ ತೆಗೆದು ಅಲ್ಲಿಂದಲೇ ಕಾರ್ಖಾನೆಯ ಮಾಲೀಕರಿಗೆ ಕಳಿಸಿದರು. ಮಾಲೀಕರೆಂದರೆ ಅವರ ಖಾಸಾ ಅಣ್ಣ. ಎರಡೇ ನಿಮಿಷಕ್ಕೆ ಫೋನು ಬಂತು. ಹೊಗಳಿಕೆ ಎಲ್ಲರಿಗೂ ಕೇಳಿಸಲೆಂದು ಮ್ಯಾನೇಜರು ಸ್ಪೀಕರ್ ಹಾಕಿದರು.

"ಭಲೇ ತಮ್ಮಾ!" ಎಂದಿತು ಫೋನು. "ನಿನ್ನ ಮುಖಾನೇ ಕೊಡೆಗೆ ಹಾಕ್ಸೋಕೆ ಒಪ್ಕೊಂಡ್ಯಲ್ಲ! ನಿಂಗೆ ಇಷ್ಟು ದೊಡ್ಡ ಮನಸ್ಸಿದೆ ಅಂತ ಗೊತ್ತೇ ಇರ್ಲಿಲ್ಲ. ನಿಮ್ಮತ್ತಿಗೆ ನಕ್ಕೂ ನಕ್ಕೂ ಸೋಫಾದಿಂದ ಜಾರಿಬಿದ್ಲು. ನಾಳೆಯಿಂದ್ಲೇ ಮಾಡ್ಸು. ಅಂಗಡಿ ಮುಂದೆ ಒಂದು ಆಳೆತ್ತರದ ವೇಷಾನೂ ಕುಣೀಬೇಕು, ತಿಳೀತಾ?"

ಫೋನು ಕಟ್ಟಾಯಿತು. ಮ್ಯಾನೇಜರು ನಿಧಾನವಾಗಿ ಗೋಡೆಯ ಕಡೆ ತಿರುಗಿದರು. ಅವರ ಕೈ ತಾನಾಗಿ ಮೂಗಿಗೆ ಹೋಯಿತು, ಅಲ್ಲಿಂದ ಮೀಸೆಗೆ ಇಳಿಯಿತು, ಕೊನೆಗೆ ಗದ್ದದ ಮಡಿಕೆಗಳನ್ನು ಎಣಿಸಿತು. ಹಿಂದೆ ಯಾರೋ ಪುಣ್ಯಾತ್ಮರು ಚಪ್ಪಾಳೆ ಹೊಡೆದರು. "ಬ್ಲೇ" ಎಂದಿತು ಗೋಡೆ.

"ಸಾರ್, ಅದು... ಕಲೆ..." ಎಂದ ಗೀಚುರಾಯ.

"ಅಣ್ಣನ ಮಾತು ಮೀರೋ ಹಾಗಿಲ್ಲ," ಎಂದರು ಮ್ಯಾನೇಜರು, ಅತ್ಯಂತ ಮೃದುವಾಗಿ. "ಕೊಡೆ ಬಂದೇ ಬರುತ್ತೆ. ನಿನ್ನನ್ನ ವಿನ್ಯಾಸ ವಿಭಾಗಕ್ಕೆ ಸೇರ್ಸಿದೀನಿ, ನಾನೂ ಮಾತು ತಪ್ಪೋನಲ್ಲ. ಆದ್ರೆ ವೇಷದೊಳಗೆ ಯಾರು ಕುಣೀಬೇಕು ಅನ್ನೋದು ನನ್ನ ಕೈಲಿದೆ. ನಾಳೆ ಬೆಳಿಗ್ಗೆ ಅಂಗಡಿ ಮುಂದೆ ಬಂದ್ಬಿಡು."

ಗೀಚುರಾಯ ಬಾಯಿ ಕಳೆದು ನಿಂತ, ನಾಲಿಗೆಯ ತುದಿ ಹೊರಗೆ ಕಂಡಿತು.

"ನಾಲಿಗೆ ಇನ್ನೂ ಸ್ವಲ್ಪ ಹೊರಗೆ ಬರಲಿ," ಎಂದರು ಮ್ಯಾನೇಜರು. "ಹಾಂ, ಈಗ ಸರಿಯಾಯ್ತು. ಇನ್ನು ಒಂದು ಕಾಲೆತ್ತು."