ಗಣಿತ ಇಲ್ಲದ ಸೆಕ್ಷನ್

ಹೆಬ್ಬಗೋಡಿಯ ಆಂಜಿನಪ್ಪನ ಮಗಳು ವನಜಾಗೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂವತ್ತಾರು ಅಂಕ ಬಂತು. ಪಾಸಾಗಲು ಮೂವತ್ತೈದು ಸಾಕಿತ್ತು. ಆ ಹೆಚ್ಚುವರಿ ಒಂದು ಅಂಕ ಯಾವ ಪುಣ್ಯಕ್ಕೆ ಸಿಕ್ಕಿತೆಂದು ಹುಡುಗಿಗೂ ತಿಳಿಯಲಿಲ್ಲ, ಅದನ್ನು ವಿಚಾರಿಸುವ ಧೈರ್ಯವನ್ನೂ ಅವಳು ಮಾಡಲಿಲ್ಲ. ತೊಂದರೆ ಏನೆಂದರೆ, ಅವಳು ಡಾಕ್ಟರಾಗಬೇಕೆಂದು ಹಟ ಹಿಡಿದಿದ್ದಳು. ಡಾಕ್ಟರಾಗಬೇಕಾದರೆ ಪಿಯುಸಿಯಲ್ಲಿ ಸೈನ್ಸ್ ತಗೋಬೇಕು. ಹೆಬ್ಬಗೋಡಿಯವರ ಪಾಲಿಗೆ ಸೈನ್ಸ್ ಅಂದರೆ ಪಿಸಿಎಂಬಿ. ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿಗಳ ಮಧ್ಯೆ ಮ್ಯಾಥ್ಸು ಕಾಲು ಚಾಚಿಕೊಂಡು ಕೂತಿರುತ್ತದೆ.

"ಅಪ್ಪಾ, ಪಿಸಿಎಂಬಿಗೆ ಸೇರಿಸಿದ್ರೆ ನಾನು ಫೇಲಾಗೋದು ಗ್ಯಾರಂಟಿ. ಆಮೇಲೆ ಬೈಬೇಡ, ಈಗ್ಲೇ ಹೇಳಿದೀನಿ," ಅಂದಳು ವನಜಾ, ಅಡ್ಮಿಷನ್ನಿನ ಕೊನೇ ದಿನ ಬೆಳಿಗ್ಗೆ, ಅಪ್ಪ ಇಡ್ಲಿ ಮುರಿಯುತ್ತಿದ್ದಾಗ.

ಆಂಜಿನಪ್ಪ ಇಡ್ಲಿಯನ್ನು ತಟ್ಟೆಗೆ ವಾಪಸ್ ಇಟ್ಟ. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಬಾಡಿಗೆ ಮನೆಗಳಿದ್ದವು. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರೆಲ್ಲ ಅವನಿಗೆ 'ಓನರ್ ಸಾರ್' ಅಂದು ನಮಸ್ಕಾರ ಹಾಕುತ್ತಿದ್ದರು. ಆದರೂ ಅವನಿಗೆ ಮನೆಯಲ್ಲೊಬ್ಬಳು ಡಾಕ್ಟರ್ ಬೇಕಿತ್ತು. ಮಗಳು ಫೇಲಾಗುವ ಮಾತು ಅವನ ಎದೆಗೇ ತಾಕಿತು.

"ಲೆಕ್ಕ ಇಲ್ದೆ ಡಾಕ್ಟರ್ ಎಂಗಾಗ್ತೀಯವ್ವ? ಮಾತ್ರೆ ಎಣಿಸ್ಕೊಡಕ್ಕಾದ್ರೂ ಲೆಕ್ಕ ಬೇಡವಾ?"

"ಮೆಡಿಕಲ್ ಸೀಟಿಗೆ ಮ್ಯಾಥ್ಸ್ ಮಾರ್ಕ್ಸ್ ಕೇಳೋದೇ ಇಲ್ಲ ಅಪ್ಪಾ. ಸಿಇಟಿಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಮೂರೇ. ಮ್ಯಾಥ್ಸ್ ಜಾಗದಲ್ಲಿ ಹೋಂ ಸೈನ್ಸ್ ತಗೋಬೋದು. ಹೊಸೂರು ರೋಡಿನ ಲೇಡೀಸ್ ಕಾಲೇಜಲ್ಲಿ ಆ ಸೆಕ್ಷನ್ ಇದೆ."

ಆಂಜಿನಪ್ಪನಿಗೆ ಇದು ನಿಜಕ್ಕೂ ದೊಡ್ಡ ಆಘಾತ. ಇಷ್ಟು ವರ್ಷ ಊರಿಗೆ ಊರೇ ತಮ್ಮ ಮಕ್ಕಳನ್ನು ಸುಮ್ಮಸುಮ್ಮನೆ ಲೆಕ್ಕದ ಕೈಗೆ ಕೊಟ್ಟು ಅಳಿಸಿತ್ತಲ್ಲ ಅನ್ನಿಸಿತು. ಕೈ ತೊಳೆದು, ಇಸ್ತ್ರಿ ಅಂಗಿ ಹಾಕಿ, ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ.

ಫ್ಲೈಓವರಿನ ಕಂಬಗಳು ಆಗಿನ್ನೂ ಮೇಲೇಳುತ್ತಿದ್ದ ಕಾಲ. ಧೂಳು ಕುಡಿಯುತ್ತಾ ಕಾಲೇಜು ತಲುಪುವಷ್ಟರಲ್ಲಿ ಇಸ್ತ್ರಿ ಅಂಗಿಯ ಬಣ್ಣವೇ ಬದಲಾಗಿತ್ತು. ಪ್ರಿನ್ಸಿಪಾಲ್ ಮೇಡಂ ಕನ್ನಡಕ ಸರಿಮಾಡಿಕೊಂಡು ವಿಷಯ ಪೂರ್ತಿ ಕೇಳಿದರು.

"ಹೋಂ ಸೈನ್ಸ್ ಸೆಕ್ಷನ್ ಪರ್ಮಿಷನ್ ಏನೋ ಇದೆ. ಆದ್ರೆ ಈ ವರ್ಷ ಅದಕ್ಕೆ ಒಬ್ಬರೂ ಅರ್ಜಿ ಹಾಕಿಲ್ಲ. ಒಬ್ಬ ಹುಡುಗೀಗೋಸ್ಕರ ಸೆಕ್ಷನ್ ನಡೆಸೋಕಾಗುತ್ತಾ ಹೇಳಿ? ಕನಿಷ್ಠ ಹದಿನೈದು ಜನ ಬೇಕು."

"ಅದಿನೈದು ಜನ ಬಂದ್ರೆ ಓಪನ್ ಮಾಡ್ತೀರಾ ಮೇಡಂ?"

"ಸಂಜೆ ನಾಲ್ಕರೊಳಗೆ ಬಂದ್ರೆ ಮಾಡ್ತೀವಿ," ಅಂದರು ಮೇಡಂ, ಬರುವುದಿಲ್ಲ ಎಂಬ ಭರವಸೆಯಲ್ಲಿ.

ಆಂಜಿನಪ್ಪ ಎದ್ದು ಕೈಮುಗಿದ. ಹದಿನೈದು ಜನ ಅವನಿಗೊಂದು ಲೆಕ್ಕವೇ ಅಲ್ಲ. ಅವನ ವಠಾರದ ನಲ್ಲಿ ಮುಂದೆ ಬೆಳಿಗ್ಗೆ ನಿಲ್ಲುವವರೇ ಅದಕ್ಕಿಂತ ಜಾಸ್ತಿ.

ಆದರೆ ವಠಾರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹೆಣ್ಣುಮಕ್ಕಳಿದ್ದದ್ದು ನಾಲ್ಕೇ ಜನ. ಅವರಲ್ಲಿ ಇಬ್ಬರು ಗಣಿತ ಇರುವುದಿಲ್ಲ ಎಂದು ಕೇಳಿದ್ದೇ ಖುಷಿಯಿಂದ ಚಪ್ಪಲಿ ಮೆಟ್ಟಿದರು. ಉಳಿದಿಬ್ಬರಿಗೆ ಅಡ್ಡ ಬಂದವಳು ಎದುರುಮನೆ ಪದ್ಮಾವತಿ. ಅವಳ ಮಗಳು ರಾಣಿ ಸ್ಕೂಲಿಗೇ ಫಸ್ಟು, ಅದೇ ಕಾಲೇಜಿನಲ್ಲಿ ಆಗಲೇ ಪಿಸಿಎಂಬಿ ಸೀಟು ಹಿಡಿದು ಕೂತಿದ್ದಳು. ಹಾಗಾಗಿ ಬೇರೆಯವರ ಮಕ್ಕಳ ಓದಿನ ಬಗ್ಗೆ ತೀರ್ಪು ಕೊಡುವ ಹಕ್ಕು ತನ್ನದೇ ಎಂದು ಪದ್ಮಾವತಿ ತಿಳಿದಿದ್ದಳು.

"ಏನಣ್ಣ ನೀವು, ಅನ್ನ ಬಸಿಯೋದು ಕಲಿಯೋಕೆ ಕಾಲೇಜಿಗೆ ಹೋಗ್ಬೇಕಾ? ಮ್ಯಾಥ್ಸ್ ಇಲ್ದಿರೋದು ಅದ್ಯಾವ ಸೈನ್ಸು? ಪಾಪ, ಹೆಣ್ಣುಮಕ್ಕಳ ಜೀವನ ಹಾಳು ಮಾಡ್ಬೇಡಿ," ಅಂದಳು, ಇಡೀ ಬೀದಿಗೆ ಕೇಳುವಂತೆ.

ಆ ಇಬ್ಬರ ಅಮ್ಮಂದಿರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಆಂಜಿನಪ್ಪ ಬೀದಿ ಬೀದಿ ತಿರುಗಿ ಬೆವರು ಸುರಿಸಿ ಕೂಡಿಹಾಕಿದ್ದು ಆರು ಹುಡುಗಿಯರನ್ನು. ಅದರಲ್ಲಿ ಒಬ್ಬಳು ಸೈನ್ಸಿಗೇ ಬರುವವಳಲ್ಲ, ಗೆಳತಿಗೆ ಜೊತೆಯಾಗಿ ಬಂದಿದ್ದಳು. ವನಜಾ ಮುಖ ಬಾಡಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಆ ಮುಖ ನೋಡಲಾಗದೆ ಆಂಜಿನಪ್ಪ ಭಾಮೈದ ಮುನೀಂದ್ರನಿಗೆ ಫೋನ್ ಹಚ್ಚಿದ.

ಮುನೀಂದ್ರ ಸೈಟ್ ಬ್ರೋಕರ್. ಬೇಗೂರಿನಿಂದ ಅತ್ತಿಬೆಲೆವರೆಗೆ ಅವನು ತೋರಿಸದ ಬೀಳು ಜಮೀನಿಲ್ಲ. ಮೈಕು ಕಟ್ಟಿದ ಆಟೋ ಒಂದನ್ನು ಇಟ್ಟುಕೊಂಡು ಲೇಔಟುಗಳ ಪ್ರಚಾರ ಮಾಡುತ್ತಿದ್ದ. ಬಂದವನೇ ಸಮಸ್ಯೆ ಕೇಳಿ ನಕ್ಕ.

"ಭಾವ, ನೀನು ಹೋಗಿ ಹೋಗಿ ಕೈಮುಗಿದು ಕೇಳಿದೀಯ. ಕೇಳಿದ್ರೆ ನಮ್ಮ ಜನ ಬರ್ತಾರಾ? ಸೈಟ್ ಖಾಲಿ ಇದೆ ಅಂದ್ರೆ ಯಾರೂ ತಗೊಳಲ್ಲ. ಮುಗೀತಾ ಬಂತು ಅನ್ನು, ರಾತ್ರಿನೇ ಅಡ್ವಾನ್ಸ್ ತಂದುಕೊಡ್ತಾರೆ."

"ಇದು ಸೈಟಲ್ಲ ಕಣೋ, ಓದು."

"ಎರಡೂ ಒಂದೇ ಕಣ್ ಭಾವ. ನೀನು ಸುಮ್ನೆ ಹಿಂದೆ ಕೂತ್ಕೋ."

ಐದು ನಿಮಿಷದಲ್ಲಿ ಆಟೋ ಅಪ್ಪ ಮಗಳಿಬ್ಬರನ್ನೂ ಕೂರಿಸಿಕೊಂಡು ಹೆಬ್ಬಗೋಡಿಯ ಮುಖ್ಯರಸ್ತೆಗಿಳಿಯಿತು. ಮುನೀಂದ್ರ ಗಂಟಲು ಸರಿಮಾಡಿಕೊಂಡು ಮೈಕು ಹಿಡಿದ.

"ಮಾನ್ಯ ತಂದೆತಾಯಿಗಳೇ, ಹೊಸೂರು ರಸ್ತೆಗೆ ಹೊಂದಿಕೊಂಡಂತೆ, ಗಣಿತರಹಿತ ಡಾಕ್ಟರ್ ಸೆಕ್ಷನ್. ಗಣಿತಕ್ಕೆ ಹಾಳು ಮಾಡೋ ಟೈಮಲ್ಲಿ ನಿಮ್ಮ ಮಗಳು ಬಯಾಲಜಿ ಓದ್ತಾಳೆ, ರ್‍ಯಾಂಕ್ ಬರ್ತಾಳೆ. ಕೆಲವೇ ಸೀಟುಗಳು ಉಳಿದಿವೆ. ಇಂದೇ ಕೊನೆಯ ದಿನ. ಕ್ಲಿಯರ್ ಟೈಟಲ್, ಕಾವೇರಿ ನೀರು..." ಅಷ್ಟರಲ್ಲಿ ಆಂಜಿನಪ್ಪ ಹಿಂದಿನಿಂದ ಬೆನ್ನಿಗೆ ತಿವಿದ. ಮುನೀಂದ್ರ ತಕ್ಷಣ ದಾರಿಗೆ ಬಂದು ಮುಂದುವರಿಸಿದ. "ಈಗಾಗಲೇ ನಮ್ಮ ಊರಿನ ಆಂಜಿನಪ್ಪನವರ ಸುಪುತ್ರಿ, ಗಣಿತದಲ್ಲಿ ಮೂವತ್ತಾರು ಅಂಕ ಪಡೆದಿರುವ ಕುಮಾರಿ ವನಜಾ, ತಮ್ಮ ಸೀಟನ್ನು ಕಾಯ್ದಿರಿಸಿದ್ದಾರೆ."

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪನ ಪಕ್ಕದಲ್ಲಿ ಕೂತಿದ್ದ ಕುಮಾರಿ ವನಜಾ ದುಪಟ್ಟಾವನ್ನು ತಲೆಯಿಂದ ಗಲ್ಲದವರೆಗೆ ಎಳೆದುಕೊಂಡು ಸೀಟಿನ ಕೆಳಗೆ ಜಾರಿದಳು. ಇಷ್ಟು ದಿನ ಮನೆಯ ನಾಲ್ಕು ಗೋಡೆಯೊಳಗೆ ಮುಚ್ಚಿಟ್ಟಿದ್ದ ಅಂಕ ಈಗ ಕಿಲೋಮೀಟರ್‌ಗಟ್ಟಲೆ ಕೇಳಿಸುತ್ತಿತ್ತು. ಆಂಜಿನಪ್ಪನಿಗೂ ನಾಚಿಕೆಯಾಯಿತು, ಆದರೆ ಅಷ್ಟರಲ್ಲಿ ಮೊದಲ ಗಿರಾಕಿ ಆಟೋಗೆ ಕೈ ಅಡ್ಡ ಹಾಕಿದ್ದರಿಂದ ಆ ನಾಚಿಕೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮುನೀಂದ್ರ ತನ್ನ ಜನರನ್ನು ಬಲ್ಲವನು. ಹೆಬ್ಬಗೋಡಿಯಲ್ಲಿ ಒಬ್ಬ ಸೈಟು ತಗೊಂಡ ಕಡೆ ಎಲ್ಲರೂ ತಗೊಂಡು ಎಲ್ಲರೂ ಸಾಹುಕಾರರಾಗಿದ್ದರು. ಆವತ್ತು ತಡಮಾಡಿದವರು ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಇನ್ನೊಂದು ಸಲ ತಡಮಾಡಲು ಯಾರೂ ತಯಾರಿರಲಿಲ್ಲ. ಗಣಿತ ಬಾರದವರು ಬಂದರು. ಗಣಿತ ಬರುವವರು, ಬಾರದವರಿಗೆ ಇಷ್ಟೊಳ್ಳೆ ಸೀಟು ಸಿಕ್ಕುವುದನ್ನು ನೋಡಲಾರದೆ ಬಂದರು. ಪಿಸಿಎಂಬಿ ಸೀಟು ಸಿಕ್ಕಿದ್ದವರು ಅದನ್ನು ಬಿಟ್ಟುಕೊಡಲು ಬಂದರು.

ಆಟೋ ಮನೆಯ ಮುಂದೆ ಬಂದಾಗ ಪದ್ಮಾವತಿ ರಾಣಿಯ ಕೈ ಹಿಡಿದು ನಡುರಸ್ತೆಯಲ್ಲಿ ನಿಂತಿದ್ದಳು.

"ಅಣ್ಣ, ಬೆಳಿಗ್ಗೆಯಿಂದ ಎದುರುಮನೇಲೇ ಇದೀವಿ. ರ್‍ಯಾಂಕ್ ಬರೋ ವಿಷಯ ನಮಗ್ಯಾಕೆ ಮೊದ್ಲೇ ಹೇಳ್ಲಿಲ್ಲ?"

"ಅಪ್ಪಾ, ರಾಣಿ ಯಾಕಪ್ಪಾ? ಅವಳು ಮ್ಯಾಥ್ಸಲ್ಲಿ ತೊಂಬತ್ತೆಂಟು," ಅಂತ ದುಪಟ್ಟಾದೊಳಗಿನಿಂದ ದನಿ ಬಂತು.

"ಸುಮ್ನಿರವ್ವ. ಜನ ಕಮ್ಮಿಯಾದ್ರೆ ಕಷ್ಟ, ಜಾಸ್ತಿಯಾದ್ರೇನು?" ಅಂದ ಆಂಜಿನಪ್ಪ. ಬೆಳಿಗ್ಗೆ ತನಗೆ ಬುದ್ಧಿ ಹೇಳಿದವಳು ಈಗ ಬೇಡಿಕೊಳ್ಳುವುದನ್ನು ನೋಡಿ ಅವನಿಗೆ ಹಿತವಾಗಿತ್ತು. "ಬಾರಮ್ಮ ಪದ್ಮಾವತಿ, ಆಟೋ ಅತ್ತು. ಎಲ್ರಿಗೂ ಒಳ್ಳೇದಾಗ್ಲಿ."

ಮೂರೂವರೆ ಹೊತ್ತಿಗೆ ಕಾಲೇಜಿನ ಮುಂದೆ ಆಟೋ, ಅದರ ಹಿಂದೆ ಎರಡು ಟೆಂಪೋ, ಅವುಗಳ ಹಿಂದೆ ಸ್ಕೂಟರುಗಳ ಸಾಲು. ಸೆಕ್ಯುರಿಟಿಯವನು ಇದು ಸ್ಟ್ರೈಕೇ ಇರಬೇಕೆಂದು ಗೇಟು ಹಾಕಲು ಓಡಿದ. ನಲವತ್ತಕ್ಕೂ ಹೆಚ್ಚು ಹುಡುಗಿಯರು, ಅವರ ಅಮ್ಮಂದಿರು, ಕೆಲವರ ಅಜ್ಜಿಯರು ಇಳಿದರು. ಪ್ರಿನ್ಸಿಪಾಲ್ ಮೇಡಂ ವರಾಂಡಕ್ಕೆ ಬಂದು, ಜನರನ್ನು ನೋಡಿ ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು.

"ಅದಿನೈದು ಕೇಳಿದ್ರಿ ಮೇಡಂ," ಅಂದ ಆಂಜಿನಪ್ಪ, ಕಾಲರು ಸರಿಮಾಡಿಕೊಳ್ಳುತ್ತಾ.

ಮೇಡಂ ಮಾತಿಗೆ ತಪ್ಪುವವರಲ್ಲ. ಸೆಕ್ಷನ್ ಶುರುವಾಯಿತೆಂದು ಅಲ್ಲೇ ಘೋಷಿಸಿ, ಆಂಜಿನಪ್ಪನ ಕೈ ಕುಲುಕಿದರು. ಅಮ್ಮಂದಿರು ಚಪ್ಪಾಳೆ ತಟ್ಟಿದರು. ವನಜಾ ದುಪಟ್ಟಾ ಕೆಳಗಿಳಿಸಿ, ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. ಮಗಳ ಆ ನಗು ನೋಡಿ ಆಂಜಿನಪ್ಪನಿಗೆ ಕಣ್ಣು ತುಂಬಿ ಬಂತು.

"ಒಂದೇ ವಿಷಯ," ಅಂದರು ಮೇಡಂ. "ಹೋಂ ಸೈನ್ಸ್ ಲ್ಯಾಬಲ್ಲಿ ಹತ್ತೇ ಒಲೆ ಇರೋದು. ಒಂದೊಲೆಗೆ ಇಬ್ಬರು ಅಂದ್ರೆ ಇಪ್ಪತ್ತು ಸೀಟು. ಇಷ್ಟು ಜನ ಬಂದಿರೋದ್ರಿಂದ ಮೆರಿಟ್ ಮೇಲೆ ಕೊಡಬೇಕಾಗುತ್ತೆ."

ಆಂಜಿನಪ್ಪ ಒಂದು ಹೆಜ್ಜೆ ಮುಂದೆ ಬಂದ. "ಮೆರಿಟ್ಟು ಅಂದ್ರೆ ಎಂಗೆ ಮೇಡಂ?"

"ಸೈನ್ಸಿನ ಎಲ್ಲಾ ಸೆಕ್ಷನ್ನಿಗೂ ಒಂದೇ ರೂಲ್. ಎಸ್ಸೆಸ್ಸೆಲ್ಸಿಯ ಸೈನ್ಸು ಮತ್ತು ಮ್ಯಾಥ್ಸು, ಎರಡರ ಅಂಕ ಕೂಡಿಸ್ತೀವಿ."

ಆಂಜಿನಪ್ಪ ಮಗಳನ್ನೊಮ್ಮೆ, ಮೇಡಂ ಅವರನ್ನೊಮ್ಮೆ ನೋಡಿದ. "ಲೆಕ್ಕ ಬರದೆ ಓಡಿಬಂದೋರ್ನ ಲೆಕ್ಕದ ಮಾರ್ಕ್ಸ್ ನೋಡಿ ಸೇರಿಸ್ಕೊಳ್ತೀರಾ ಮೇಡಂ? ಎಲ್ಲಾದ್ರೂ ಉಂಟಾ ಇದು?"

"ಇಷ್ಟೊಂದು ಜನ ಬರ್ದೇ ಇದ್ದಿದ್ರೆ ನೋಡ್ತಾನೇ ಇರ್ಲಿಲ್ಲ," ಅಂದರು ಮೇಡಂ. "ಹದಿನೈದೇ ಜನ ಬಂದಿದ್ರೆ ಹದಿನೈದೂ ಜನಕ್ಕೆ ಸೀಟು."

ಕ್ಲರ್ಕು ಒಂದೊಂದೇ ಹೆಸರು ಓದಿದ. ಮೊದಲನೆಯದು ರಾಣಿ. ಆಮೇಲೆ ಬಂದವೆಲ್ಲ ಪಿಸಿಎಂಬಿ ಬಿಟ್ಟು ಬಂದ ಬುದ್ಧಿವಂತೆಯರ ಹೆಸರುಗಳೇ. ಇಪ್ಪತ್ತನೆಯ ಹೆಸರು ಮುಗಿದು ಕ್ಲರ್ಕು ಪೆನ್ನಿನ ಕ್ಯಾಪು ಹಾಕುವವರೆಗೂ ಆಂಜಿನಪ್ಪ ಕಿವಿ ಚುರುಕು ಮಾಡಿಕೊಂಡೇ ನಿಂತಿದ್ದ. ಗಣಿತ ಬಾರದ ಒಬ್ಬಳಿಗೂ ಗಣಿತ ಇಲ್ಲದ ಸೆಕ್ಷನ್ನಿನಲ್ಲಿ ಜಾಗ ಸಿಗಲಿಲ್ಲ. ಸಿಗದವರನ್ನು ಅವರವರ ಅಮ್ಮಂದಿರು ಕಾಮರ್ಸ್ ಕೌಂಟರಿನ ಕಡೆ ಎಳೆದುಕೊಂಡು ಹೋದರು. ಮುನೀಂದ್ರ ಯಾವಾಗಲೋ ಆಟೋ ಸಮೇತ ಮಾಯವಾಗಿದ್ದ.

ಪದ್ಮಾವತಿ ಬಂದು ಆಂಜಿನಪ್ಪನ ಕೈ ಹಿಡಿದುಕೊಂಡಳು. "ಅಣ್ಣ, ನಿಮ್ಮ ಉಪಕಾರ ಮರೆಯೋಕಾಗಲ್ಲ. ಸ್ವಂತ ಮಗಳಿಗೆ ಸಿಗದಿದ್ರೂ ಊರ ಮಕ್ಕಳಿಗೆ ದಾರಿ ತೋರಿಸಿದ್ರಿ."

ಆಂಜಿನಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡ. ಪ್ರಿನ್ಸಿಪಾಲ್ ಮೇಡಂ ಮಾತ್ರ ಅವನನ್ನು ಕೈಬಿಡಲಿಲ್ಲ. ಇಡೀ ಕಾಲೇಜಿಗೆ ಇಷ್ಟು ಉಪಕಾರ ಮಾಡಿದ ಮನುಷ್ಯ ಬರಿಗೈಯಲ್ಲಿ ಹೋಗುವುದು ಅವರಿಗೂ ಸರಿಕಾಣಲಿಲ್ಲ.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗಳು ಡಾಕ್ಟರ್ ಆಗ್ಲೇಬೇಕಲ್ವಾ? ಇಪ್ಪತ್ತು ಜನ ಬಿಟ್ಟು ಬಂದ್ರಲ್ಲ, ಪಿಸಿಎಂಬಿಯಲ್ಲಿ ಈಗ ಬೇಕಾದಷ್ಟು ಸೀಟು ಖಾಲಿ. ಈಗ್ಲೇ ಸೇರಿಸ್ಕೊಳ್ತೀನಿ. ಇವತ್ತು ಬಿಟ್ರೆ ಒಂದು ವರ್ಷ ಹೋಯ್ತು."

ಆಂಜಿನಪ್ಪ ಮಗಳ ಮುಖ ನೋಡಲಿಲ್ಲ. ನೋಡಿದ್ದರೆ ಸಹಿ ಹಾಕುವುದು ಅವನಿಂದ ಆಗುತ್ತಿರಲಿಲ್ಲ. ಒಂದು ವರ್ಷ ಕಳೆಯುವುದೋ, ಗಣಿತಕ್ಕೆ ಒಪ್ಪಿಸುವುದೋ ಎಂದು ತಳಮಳಿಸಿ, ಕಡೆಗೆ ಸಹಿ ಹಾಕಿದ. ಅಷ್ಟರಲ್ಲಿ ಸ್ಟಾಫ್ ರೂಮಿನಿಂದ ಬಿಳಿಗೂದಲಿನ ಮೇಷ್ಟ್ರೊಬ್ಬರು ಬೇಗಬೇಗ ನಡೆದುಬಂದರು. ಮ್ಯಾಥ್ಸ್ ಲೆಕ್ಚರರ್ ಹನುಮಂತಯ್ಯ. ಅವರ ಮುಖದಲ್ಲಿ ಹಬ್ಬದ ಕಳೆಯಿತ್ತು.

"ಆಂಜಿನಪ್ಪನೋರು ನೀವೇನಾ? ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಇಷ್ಟು ವರ್ಷ ಕ್ಲಾಸ್ ತುಂಬ ಮಕ್ಕಳು. ಯಾರು ಬಂದ್ರು, ಯಾರು ಮಲಗಿದ್ರು, ಒಂದೂ ಗೊತ್ತಾಗ್ತಿರಲಿಲ್ಲ. ಒಬ್ಬರ ಮೇಲೂ ಗಮನ ಕೊಡೋಕಾಗ್ತಿರಲಿಲ್ಲ. ಈ ವರ್ಷ ನಿಮ್ಮ ಮಗಳು ಸೇರಿ ಒಂಬತ್ತೇ ಜನ ಉಳಿದಿದಾರೆ. ಉಳಿದ ಎಂಟೂ ಜನಕ್ಕೆ ಮ್ಯಾಥ್ಸ್ ಚೆನ್ನಾಗಿ ಬರುತ್ತೆ."

ಅವರು ವನಜಾಳ ಕಡೆ ತಿರುಗಿ, ತಲೆ ಮೇಲೆ ಅಕ್ಕರೆಯಿಂದ ಕೈಯಿಟ್ಟರು.

"ಮಗಳೇ, ನೀನು ಮೊದಲ್ನೇ ಬೆಂಚು. ದಿನಾ ಬೋರ್ಡಿಗೆ ನಿನ್ನನ್ನೇ ಕರೀತೀನಿ."

ಆಂಜಿನಪ್ಪ ಮೇಷ್ಟ್ರಿಗೆ ಕೈಮುಗಿದು, "ನಿಮ್ಮ ದಯೆ ಸಾರ್," ಅಂದ.