ಎಡಗಡೆಯ ಹಿಂದಿನ ದಾರದ ಮೇಲೊಂದು ತಕರಾರು

ಕುಕನೂರು ಸಂತೆಪೇಟೆ,
ಆಷಾಢದ ಗಾಳಿ ಹಿಡಿದ ಎರಡನೆಯ ವಾರ.

ನನ್ನ ಮಗಳು ಮುಸ್ಕಾನಳ ಗಾಳಿಪಟದ ಎಡಗಡೆಯ ಹಿಂದಿನ ದಾರದವರ ಸನ್ನಿಧಿಗೆ,

ಮಾನ್ಯರೇ,

ಮೂವತ್ತೆಂಟು ವರ್ಷಗಳಿಂದ ಈ ಪೇಟೆಯಲ್ಲಿ ಹಗ್ಗ, ಹುರಿ, ಹೊರಸಿಗೆ ಹೆಣೆಯುವ ನವಾರ ಮಾರಿಕೊಂಡು ಬದುಕಿರುವ ಮಲಿಕಸಾಬನ ಸವಿನಯ ಸಲಾಮುಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೇನಾಗಬೇಕು, ತಾವು ಬಿಸಿಲಿಗೆ ಬಾಡುವವರಲ್ಲ, ನೀರಿಗೆ ಕೊಳೆಯುವವರಲ್ಲ, ನಮ್ಮ ಅಂಗಡಿಯ ಇಲಿ ಕೂಡ ತಮ್ಮನ್ನು ಒಮ್ಮೆ ಮೂಸಿ, ಇದು ದೊಡ್ಡವರ ಸಹವಾಸವೆಂದು ತಿಳಿದು, ಎಂದಿನಂತೆ ನನ್ನ ಪುಂಡಿನಾರಿನ ಹಗ್ಗದ ಕಡೆಗೇ ನಡೆಯಿತು.

ಈ ಪತ್ರವನ್ನು ತಮ್ಮ ಕಿವಿಯಲ್ಲಿ ಗುಟ್ಟಾಗಿ ಹೇಳದೆ ಅಂಗಡಿಯ ಕಂಬಕ್ಕೆ ಅಂಟಿಸಲಿರುವುದು ತಮ್ಮ ನಡತೆ ಸಂತೆಗೆ ಬಂದವರಿಗೆಲ್ಲ ತಿಳಿಯಲೆಂದು. ತಮ್ಮನ್ನು ಅರಿಯದವರಿಗಾಗಿ ಎರಡು ಮಾತು ಹೇಳುತ್ತೇನೆ. ಮುಸ್ಕಾನ ಗೋವಾದ ಕಡಲಿನಲ್ಲಿ ಎರಡು ವರ್ಷ ಇದ್ದು ಒಂದು ವಿದ್ಯೆ ಕಲಿತು ಬಂದಿದ್ದಾಳೆ. ಹಲಗೆಯ ಮೇಲೆ ನಿಂತು, ಮನೆಯ ಚಾವಣಿಯಷ್ಟು ದೊಡ್ಡ ಗಾಳಿಪಟವನ್ನು ಆಕಾಶಕ್ಕೆ ಬಿಟ್ಟು, ಅದು ಎಳೆದಂತೆ ನೀರಿನ ಮೇಲೆ ಜಾರಿಕೊಂಡು ಹೋಗುವ ವಿದ್ಯೆ ಅದು. ಪಟಕ್ಕೂ ಅವಳ ಕೈಯ ಹಿಡಿಕೋಲಿಗೂ ನಡುವೆ ನಾಲ್ಕು ದಾರ. ಮುಂದಿನ ಎರಡು ಭಾರ ಹೊರುತ್ತವೆ, ಹಿಂದಿನ ಎರಡು ಎತ್ತಿನ ಹಗ್ಗದ ಹಾಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತವೆ. ಆ ಹಿಂದಿನ ಇಬ್ಬರಲ್ಲಿ ಎಡಗಡೆಯವರೇ ತಾವು.

ಬರುವ ರವಿವಾರ ತುಂಗಭದ್ರೆಯ ಹಿನ್ನೀರಿಗೆ ಈ ವಿದ್ಯೆಯ ತರಬೇತಿ ಕೇಂದ್ರದವರು ಪರೀಕ್ಷೆಗೆ ಬರುತ್ತಾರೆ. ಮುಸ್ಕಾನ ದಂಡೆಯಿಂದ ಹೊರಟು, ನೀರಿನ ನಡುವೆ ನೆಟ್ಟ ಕೆಂಪು ಬಾವುಟದ ತನಕ ಮೂರು ಸಲ ನೆಟ್ಟಗೆ ಹೋಗಿ ಬಂದರೆ ಅವಳಿಗೆ ಇಲ್ಲಿಯೇ ಕಲಿಸುವ ಕೆಲಸ. ಇಲ್ಲವಾದರೆ ಮತ್ತೆ ಗೋವಾ ಬಸ್ಸು. ಕಡಲಿಗೆಂದು ಮಾಡಿದ ಹದಿಮೂರು ಮಾರಿನ ದಾರ ನಮ್ಮ ಆಷಾಢದ ಗಾಳಿಗೆ ಹೆಚ್ಚಾಯಿತು, ಹನ್ನೊಂದು ಮಾರಿಗೆ ಇಳಿಸಬೇಕು ಎಂದಳು. ಮಾರು ಎಂದರೆ ಎರಡೂ ತೋಳು ಚಾಚಿದಷ್ಟು ಉದ್ದ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ತಡೀರಿ ಅಬ್ಬಾ, ಟೇಪ್ ತರ್ತೀನಿ" ಎಂದಳು. "ಊರಿಗೇ ಅಳದ ತೋಳಿಗೆ ಟೇಪ್ ಯಾಕವಾ?" ಎಂದು ನಕ್ಕು, ತಮ್ಮ ನಾಲ್ವರನ್ನೂ ಈ ತೋಳಿನಿಂದಲೇ ಅಳೆದು, ಕತ್ತರಿಸಿ, ತುದಿಗೆ ಕುಣಿಕೆ ಹೊಲಿದು ಕೊಟ್ಟೆ.

ಅದಕ್ಕೆ ಪ್ರತಿಯಾಗಿ ತಾವು ತೋರಿದ ಕೃತಜ್ಞತೆಯನ್ನು ಹೇಗೆ ಬಣ್ಣಿಸಲಿ? ಮೊದಲ ದಿನ ಬಾವುಟಕ್ಕೆಂದು ಹೊರಟ ಹುಡುಗಿಯನ್ನು ಎಡಕ್ಕೆ ಎಳೆದೊಯ್ದು ಎಮ್ಮೆಗಳ ಹಿಂಡಿಗೆ ಸೇರಿಸಿದಿರಿ. ಎರಡನೆಯ ದಿನ ಮೀನುಗಾರ ಮಂಜೂರನ ಹರಿಗೋಲಿಗೆ ಮುಟ್ಟಿಸಿದಿರಿ, ಅವನು ಬಲೆ ಬಿಟ್ಟು ಎದ್ದು ನಿಂತು, "ಯವ್ವಾ, ಮ್ಯಾಲಿಂದ ಬರೂ ಮೀನಾ ನಾ ಹಿಡಿಯಂಗಿಲ್ಲ!" ಎಂದು ಕೂಗಿದನಂತೆ. ಮೂರನೆಯ ದಿನ ಮತ್ತೆ ಎಮ್ಮೆಗಳೇ. ಈ ಸಲ ಅವು ಗುರುತು ಹಿಡಿದು ತಾವಾಗಿಯೇ ದಾರಿ ಬಿಟ್ಟವು. ಎಡಬದಿಯಲ್ಲಿಯೇ ಸಾಗಬೇಕೆಂಬ ರಸ್ತೆಯ ನಿಯಮವನ್ನು ರಸ್ತೆಯೇ ಇಲ್ಲದ ನೀರಿನಲ್ಲಿಯೂ ಪಾಲಿಸುವ ತಮ್ಮಂಥ ನಿಷ್ಠಾವಂತರನ್ನು ಯಲಬುರ್ಗಿಯಿಂದ ಗಂಗಾವತಿಯ ತನಕ ಯಾವ ಟಂಟಂ ಓಡಿಸುವವರಲ್ಲಿಯೂ ನಾನು ಕಂಡಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಅರಿಕೆ ಇಷ್ಟೇ. ರವಿವಾರದೊಳಗೆ ತಾವು ದೊಡ್ಡ ಮನಸ್ಸು ಮಾಡಿ ಕೊಂಚ ಉದ್ದವಾಗಬೇಕು. ಅದು ತಮ್ಮ ಘನತೆಗೆ ಒಗ್ಗದಿದ್ದರೆ ಹಿನ್ನೀರನ್ನೇ ತುಸು ಎಡಕ್ಕೆ ಸರಿಸಿ ಕೂರಿಸಬೇಕು. ಅದೂ ಕಷ್ಟವಾದರೆ, ಬಾವುಟವನ್ನು ಕಿತ್ತು ಹಿಂಡಿನ ಹಿರಿಯ ಎಮ್ಮೆಯ ಕೋಡಿಗೆ ಕಟ್ಟಲು ಬರವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು.

ಇಷ್ಟು ಬರೆದು ಮಸಿ ಆರಿಸುತ್ತಿದ್ದಾಗ ಮುಸ್ಕಾನ ಹಿತ್ತಲಿನಿಂದ ಕರೆದಳು. ಬೇವಿನ ಮರಕ್ಕೆ ಹೊಡೆದ ಒಂದೇ ಮೊಳೆಗೆ ತಮ್ಮ ನಾಲ್ವರನ್ನೂ ಸಿಕ್ಕಿಸಿ, ತುದಿಗಳನ್ನು ಒಟ್ಟಿಗೆ ಹಿಡಿದು ಬಿಗಿಯಾಗಿ ಎಳೆದು ನಿಂತಿದ್ದಳು. "ನೋಡ್ರಿ ಅಬ್ಬಾ, ಮೂರೂ ಒಂದ ಸಮ ಅದಾವ. ಇದೊಂದ ಗಿಡ್ಡ. ಬೆರಳಿಟ್ಟು ಎಣಸ್ರಿ." ಎಣಿಸಿದೆ. ಹನ್ನೊಂದು ಬೆರಳು ಕಡಿಮೆ. ಹನ್ನೊಂದು ಮಾರಿಗೆ ಹನ್ನೊಂದು ಬೆರಳು. ಮಾರಿಗೊಂದು, ಚಾಚೂ ತಪ್ಪದೆ. ಮಾನ್ಯರೇ, ಆ ಲೆಕ್ಕದ ಗುರುತು ಸಿಕ್ಕ ಕೂಡಲೇ ನನ್ನ ಎರಡೂ ಕಿವಿ ಬಿಸಿಯಾದವು.

ಹಗ್ಗ ಮಾರುವವನಿಗೆ ಎರಡು ತೋಳಿರುತ್ತವೆ, ಎರಡು ಅಳತೆಯೂ ಇರುತ್ತವೆ. ಮನೆಗೆ ಅಳೆಯುವಾಗ ತೋಳು ಪೂರ್ತಿ ಚಾಚುತ್ತದೆ. ಗಿರಾಕಿಗೆ ಅಳೆಯುವಾಗ ಎಡ ಮೊಣಕೈ, ನನ್ನನ್ನು ಕೇಳದೆಯೇ, ಮಾರಿಗೊಂದು ಬೆರಳಿನಷ್ಟು ಮಡಚಿಕೊಳ್ಳುತ್ತದೆ. ಇದು ಮೋಸವಲ್ಲ, ಆತ್ಮರಕ್ಷಣೆ. ಏಕೆಂದರೆ ಹಗ್ಗ ಕೊಳ್ಳಲು ಬರುವವರೂ ತಮ್ಮ ಮನೆಯ ಅತಿ ಉದ್ದ ತೋಳಿನವನನ್ನೇ ಹುಡುಕಿ ಕರೆತಂದು, "ಇಂವನ ಕೈಲೆ ಅಳಿಸ್ರಿ" ಎನ್ನುತ್ತಾರೆ. ಮೂರು ದಾರಗಳನ್ನು ಮಗಳಿಗೆಂದು ತೋಳು ಬಿಚ್ಚಿ ಅಳೆದಿದ್ದೆ. ನಾಲ್ಕನೆಯವರಾದ ತಮ್ಮನ್ನು ಕೈಗೆತ್ತಿಕೊಂಡಾಗ ಅಂಗಡಿ ಕಟ್ಟೆಯ ಕೆಳಗಿನಿಂದ ನಮ್ಮ ಹಳೆಯ ಗಿರಾಕಿ ಹಂಪವ್ವನ ದನಿ ಕೇಳಿತ್ತು: "ಮಲಿಕಣ್ಣಾ, ಎಮ್ಮಿ ಹಗ್ಗ ಇನ್ನೊಂದ ಬೇಕಾಗಿತ್ತು. ಈಗೇನ್ ರೇಟ್ ನಡದೈತಿ?" ಬಾಯಿ ಬೆಲೆ ಹೇಳಿತು, ಕಣ್ಣು ತಮ್ಮ ಮೇಲೆಯೇ ಇತ್ತು, ಮೊಣಕೈ ಮಾತ್ರ ಗಿರಾಕಿ ಬಂದಳೆಂದು ತಿಳಿದು ತನ್ನ ಕೆಲಸಕ್ಕೆ ಇಳಿಯಿತು.

ಮುಸ್ಕಾನ ನನ್ನ ಮುಖ ನೋಡಿದಳು, ಆಮೇಲೆ ಮೊಣಕೈ ನೋಡಿದಳು. "ಅಬ್ಬಾ, ಇದನ್ನ ಅಳಿಯೂಮುಂದ ಯಾರ್ ಬಂದಿದ್ರು?" ಎಂದಳು. "ಹಂಪವ್ವ" ಎಂದೆ. ಅವಳು ನಗುತ್ತ ನಗುತ್ತ ಹೊರಸಿನ ಮೇಲೆ ಕುಳಿತುಬಿಟ್ಟಳು.

ಕತ್ತರಿಸಿದ ದಾರ ಬೆಳೆಯುವುದಿಲ್ಲವಾದ್ದರಿಂದ, ಉಳಿದ ಮೂವರ ತುದಿಯ ಕುಣಿಕೆಗಳನ್ನು ಬಿಚ್ಚಿ ಮತ್ತೆ ಹೊಲಿದು, ಅವರನ್ನೂ ಹನ್ನೊಂದು ಬೆರಳು ತಗ್ಗಿಸಿ ತಮ್ಮ ಸಮಕ್ಕೆ ತಂದಿದ್ದೇವೆ. ನಿನ್ನೆಯ ತನಕ ಅಪರಾಧಿಯಾಗಿದ್ದ ತಾವು ಇಂದು ಮೂವರಿಗೆ ಅಳತೆಗೋಲಾಗಿದ್ದೀರಿ. ಮೇಲಿನ ಬೈಗುಳಗಳನ್ನೆಲ್ಲ ಹಿಂಪಡೆದಿದ್ದೇನೆ. ಎಮ್ಮೆಯ ಕೋಡಿನ ವಿಚಾರ ಮಾತ್ರ ರವಿವಾರದ ತನಕ ಹಾಗೆಯೇ ಇರಲಿ.

ಮೊಣಕೈ ನೆಟ್ಟಗೆ ಹಿಡಿದುಕೊಂಡು ಸಹಿ ಮಾಡುವ,
ತಮ್ಮ ವಿಶ್ವಾಸಿ,
ಮಲಿಕಸಾಬ

ತಾ.ಕ.: ರವಿವಾರ ತಾವು ಮೂರು ಸಲವೂ ಬಾಣದ ಹಾಗೆ ಹೋಗಿ ಬಂದಿರಿ, ಎಮ್ಮೆಗಳು ಸುಮ್ಮನೆ ಕಾದು ನಿರಾಶೆಗೊಂಡವು. ಬಂದವರು ದಾರ ಹಿಡಿದು ನೋಡಿ, ಇಷ್ಟು ಸಮವಾಗಿ ಅಳೆದವರು ಯಾರೆಂದು ಕೇಳಿದರೆ, ಮುಸ್ಕಾನ ನನ್ನ ಕಡೆ ಕಣ್ಣು ಮಿಟುಕಿಸಿ, "ನಮ್ಮ ಅಂಗಡಿ ಅಳತಿ ರೀ" ಎಂದಳು. ಕೆಲಸ ಸಿಕ್ಕಿತು. ಆ ಸಂತೋಷದಲ್ಲಿ ಮೊಣಕೈಯ ಗುಟ್ಟು ಬರೆದಿದ್ದ ಎರಡನೆಯ ಹಾಳೆಯನ್ನು ಬಚ್ಚಿಡಬೇಕೆಂಬುದನ್ನು ಮರೆತು ಪೂರ್ತಿ ಪತ್ರವನ್ನೇ ಕಂಬಕ್ಕೆ ಅಂಟಿಸಿಬಿಟ್ಟೆ. ಹಂಪವ್ವ ಅದನ್ನು ತನ್ನ ಅಳಿಯ ಯಂಕೋಬನ ಕೈಯಿಂದ ಎರಡು ಸಲ ಓದಿಸಿ ಕೇಳಿ, ಹೋದ ವರ್ಷ ಒಯ್ದಿದ್ದ ಎಂಟು ಮಾರು ಹಗ್ಗವನ್ನು ಹಿಡಿದು, ಅದರ ತುದಿಗೆ ಎಮ್ಮೆಯನ್ನೂ ಹಿಡಿದು, ಈಗ ಕಟ್ಟೆಯ ಕೆಳಗೆ ನಿಂತಿದ್ದಾಳೆ: "ಆ ಬೇವಿನ ಗಿಡದ ಮೊಳಿ ಎಲ್ಲೈತಿ ತೋರಸು, ಮಲಿಕಣ್ಣಾ." ಇಷ್ಟಕ್ಕೆಲ್ಲ ಮೂಲವಾದ ತಾವು, ಎಲ್ಲಿಂದಾದರೂ ಸರಿ, ಎಂಟು ಬೆರಳು ಹಗ್ಗವನ್ನು ಕೂಡಲೇ ಕಳಿಸಿಕೊಡಬೇಕಾಗಿ ಪ್ರಾರ್ಥನೆ.